ರಾತ್ರಿ ಶುಗರ್ ಅಲಾರಂ ಬಡ್ಕೊಂಡ್ರೆ ನಿಜವಾಗ್ಲೂ ಲೋ ಆಗಿದೆ ಅಂತಾನಾ?

ಪ್ರಶ್ನೆ (ರಾಜಾಜಿನಗರ): ನಮಸ್ಕಾರ ಡಾಕ್ಟ್ರೇ. ನಮ್ಮಪ್ಪಂಗೆ 71 ವರ್ಷ, ಶುಗರ್ ಬಂದು ತುಂಬಾ ಕಾಲ ಆಯ್ತು, ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ತಗೋತಾರೆ. ಹೋದ ವಾರ ತೋಳಿಗೆ ಹಗಲು ರಾತ್ರಿ ಶುಗರ್ ನೋಡೋ ಸೆನ್ಸಾರ್ ಹಾಕ್ಸಿದ್ವಿ, ರೀಡಿಂಗ್ ನನ್ನ ಮೊಬೈಲ್‌ಗೂ ಬರುತ್ತೆ. ರಾತ್ರಿ ಎರಡು ಗಂಟೆ ಸುಮಾರಿಗೆ 58, 55 ಅಂತ ತೋರಿಸಿ ಅಲಾರಂ ಬಡ್ಕೊಳ್ಳುತ್ತೆ, ಅಮ್ಮ ಗಾಬರಿಬಿದ್ದು ಎಬ್ಬಿಸಿ ಗ್ಲೂಕೋಸ್ ನೀರು ಕುಡಿಸ್ತಾರೆ, ಬೆಳಗ್ಗೆ ನೋಡಿದ್ರೆ 240! ಅಪ್ಪಂಗೆ ಬೆವರು, ನಡುಕ ಏನೂ ಇರಲ್ಲ, ನಿದ್ದೆ ಕೆಡಿಸಿದ್ರಿ ಅಂತ ಬೈತಾರೆ ಅಷ್ಟೇ. ಮಾತ್ರೆ ಕಮ್ಮಿ ಮಾಡ್ಲಾ?

ಡಾಕ್ಟರ್: ಮಾತ್ರೆ ನೀವಾಗೇ ಮುಟ್ಟಬೇಡಿ ಮೇಡಂ. ಮೊದ್ಲು ಇದು ಹೇಳಿ, ಅಪ್ಪ ಸೆನ್ಸಾರ್ ಇರೋ ಮಗ್ಗುಲಿಗೇ ಮಲಗ್ತಾರಾ? ಆ ಸೆನ್ಸಾರ್ ನೋಡೋದು ರಕ್ತ ಅಲ್ಲ, ಚರ್ಮದ ಕೆಳಗೆ ಜೀವಕೋಶಗಳ ಮಧ್ಯೆ ಇರೋ ದ್ರವ. ಮೇಲೆ ಭಾರ ಬಿದ್ರೆ ಆ ಜಾಗಕ್ಕೆ ರಕ್ತ ಸರಿಯಾಗಿ ಹರಿಯಲ್ಲ, ಶುಗರ್ ಸುಳ್ಳೇ ಕಮ್ಮಿ ತೋರ್ಸುತ್ತೆ, ಮಗ್ಗುಲು ಬದಲಾಯಿಸಿದ್ರೆ ತಾನಾಗೇ ಮೇಲೆ ಬರುತ್ತೆ. ಹಾಗಂತ ಸುಳ್ಳು ಅಂತ ಸುಮ್ನಿರಬೇಡಿ, ಗ್ಲಿಮೆಪಿರೈಡ್ ತಗೊಳ್ಳೋ ವಯಸ್ಸಾದವರಿಗೆ ನಿಜವಾಗ್ಲೂ ಲೋ ಆಗ್ಬಹುದು. ಅಲಾರಂ ಆದ ಕೂಡ್ಲೇ ಬೆರಳು ಚುಚ್ಚಿ ಮೀಟರ್‌ನಲ್ಲಿ ನೋಡಿ, 70ಕ್ಕಿಂತ ಕಮ್ಮಿ ಇದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಬೆವರ್ತಿದ್ರೆ, ಮಾತು ತೊದಲ್ತಿದ್ರೆ ಮೀಟರ್ ಹುಡುಕ್ತಾ ಕೂರಬೇಡಿ, ಮೊದ್ಲು ಸಕ್ಕರೆ. ಎಚ್ಚರ ಇಲ್ದಿದ್ರೆ ಮಾತ್ರ ಬಾಯಿಗೆ ಏನೂ ಹಾಕ್ಬೇಡಿ, 108ಕ್ಕೆ ಫೋನ್ ಮಾಡಿ.

ನಾನಂತೂ ಈ ಸೆನ್ಸಾರ್ ಪರವೇ. ಮುಂಚೆ ಫಾಸ್ಟಿಂಗ್ ಒಂದು, ತಿಂಡಿ ಆದ್ಮೇಲೆ ಒಂದು, ಎರಡೇ ನಂಬರ್ ಇಟ್ಕೊಂಡು ಮಾತ್ರೆ ಬರೀತಿದ್ವಿ, ರಾತ್ರಿ ಏನಾಗ್ತಿತ್ತು ಅನ್ನೋದು ಯಾರಿಗೂ ಗೊತ್ತಿರ್ಲಿಲ್ಲ. ಈಗ ಪೂರ್ತಿ ಗ್ರಾಫೇ ಸಿಗುತ್ತೆ.

ಇನ್ನೊಬ್ಬರು (ಜಯನಗರ): ಗ್ರಾಫ್ ಎಲ್ಲಾ ಸರಿ ಸರ್, ಆದ್ರೆ ಈಗಿನ ಡಾಕ್ಟ್ರು ಮುಖಾನೇ ನೋಡಲ್ವಲ್ಲ, ಕಂಪ್ಯೂಟರ್ ಕುಟ್ತಾ ಕೂತಿರ್ತಾರೆ. ಮೇಲೆ ಆಭಾ ನಂಬರ್ ಬೇರೆ ಕೇಳ್ತಾರೆ, ಕೊಡ್ಬೇಕಾ?

ಡಾಕ್ಟರ್: ಮೊದಲ್ನೇ ದೂರು ನ್ಯಾಯವಾದದ್ದೇ, ನಮ್ಮ ಮನೆಯವಳೂ ಅದನ್ನೇ ಹೇಳ್ತಾಳೆ 😄. ಆಭಾ ಅಂದ್ರೆ ನಿಮ್ಮ ಆರೋಗ್ಯದ ರೆಕಾರ್ಡ್‌ಗಳನ್ನ ಜೋಡಿಸೋ 14 ಅಂಕಿ ನಂಬರ್, 2021ರಲ್ಲಿ ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ದು, ಕಡ್ಡಾಯ ಏನಲ್ಲ. ರೆಕಾರ್ಡ್ ಬೇರೆ ಡಾಕ್ಟ್ರು ನೋಡ್ಬೇಕಂದ್ರೆ ನೀವು ಒಪ್ಪಿಗೆ ಕೊಡ್ಬೇಕು, ಕೊಟ್ಟಿದ್ದನ್ನ ವಾಪಸ್ಸೂ ತಗೋಬಹುದು. ನನ್ನ ಕೇಳಿದ್ರೆ ಮಾಡ್ಸಿ. ಇಬ್ರು ಡಾಕ್ಟ್ರ ಹತ್ರ ಹೋಗೋ ಪೇಷಂಟ್ ಒಂದೇ ಔಷಧಿನ ಎರಡು ಕಂಪನಿ ಹೆಸರಲ್ಲಿ ನುಂಗ್ತಿರ್ತಾರೆ, ಚೀಟಿ ಮನೇಲಿ ಬಿಟ್ಟು ಬಂದ್ರೆ ನಮಗೆ ಗೊತ್ತಾಗೋದಾದ್ರೂ ಹೇಗೆ?

ಪ್ರಶ್ನೆ ಕೇಳಿದವರು: ಡಾಕ್ಟ್ರೇ, ನೀವು ಹೇಳಿದ್ದೇ ಸರಿ! ಸೆನ್ಸಾರ್ ಬಲಗೈಲಿದೆ, ಅಪ್ಪ ಮಲಗೋದೂ ಬಲ ಮಗ್ಗುಲಿಗೇ. ನಿನ್ನೆ ರಾತ್ರಿ ಆ್ಯಪ್‌ನಲ್ಲಿ 57, ಮೀಟರ್‌ನಲ್ಲಿ 121.

ಡಾಕ್ಟರ್: ಹಾಗಾದ್ರೆ ಮುಂದಿನ ಸೆನ್ಸಾರ್ ಎಡಗೈಗೆ ಹಾಕ್ಸಿ. ನಿಮ್ಮ ಡಾಕ್ಟ್ರ ಹತ್ರ ಹೋಗೋವಾಗ ಮೀಟರ್ ರೀಡಿಂಗ್‌ಗಳನ್ನೂ ಟೈಮ್ ಸಮೇತ ಬರ್ಕೊಂಡು ಹೋಗಿ, ಗ್ಲೂಕೋಸ್ ನೀರು ಕುಡಿಸಿದ ರಾತ್ರಿಗಳಿಗೆ ಒಂದು ಗುರುತು ಹಾಕಿ, ಇಲ್ಲಾಂದ್ರೆ ಅವರು ಬೆಳಗ್ಗಿನ ಆ 240 ನೋಡಿ ಮಾತ್ರೆ ಜಾಸ್ತಿ ಮಾಡ್ಬಿಡ್ತಾರೆ.