ಚಿಗರಿ ಬೆಲ್ಟಿನ್ಯಾಗಿಂದ ಜಾರಿ ಹೋಗ್ತದ, ಎಂಥ ಕಾಲರ್ ಹಾಕಬೇಕ್ರಿ?

ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ಶರಣ್ರಿ.

ನಮ್ಮ ಮನ್ಯಾಗ ಮುಧೋಳ ತಳಿ ಹೆಣ್ಣ ನಾಯಿ ಅದ, ಹೆಸರು ಚಿಗರಿ. ಹದಿನಾಲ್ಕು ತಿಂಗಳಾತು. ಅಣ್ಣ ಜಮಖಂಡಿ ಕಡಿಂದ ಮರಿ ಇದ್ದಾಗ ತಂದಿದ್ದ. ಸ್ವಭಾವ ಭಾಳ ಮೆತ್ತಗ. ತ್ರಾಸೆಲ್ಲಾ ಕಾಲರಿಂದು.

ಮುಂಜಾನಿ ತಿರುಗಾಡ್ಲಿಕ್ಕ ಕರಕೊಂಡು ಹೋದಾಗ ಹಿಂದಿಂದ ಟಂಟಂ ಹಾರ್ನ್ ಹೊಡೀತಂದ್ರ ಸಾಕು, ಅಂಜಿ ಹಿಂದ ಸರೀತದ. ತಲಿ ಬಗ್ಗಿಸ್ತದ, ಕಿವಿ ಮಡಚಿಕೊಂತಾವ, ಬೆಲ್ಟ್ ಸರಕ್ಕನ ಜಾರಿ ನನ್ನ ಕೈಯಾಗ ಉಳೀತದ, ನಾಯಿ ರಸ್ತೆ ಮ್ಯಾಲ. ಮೊನ್ನೆ ಸಿಮೆಂಟ್ ಲಾರಿ ಬರೋ ಹೊತ್ತಿನ್ಯಾಗ ಹಿಂಗೇ ಆತು. ಡ್ರೈವರ್ ಬ್ರೇಕ್ ಹಾಕಿದ, ಉಳೀತು. ಅವತ್ತಿಂದ ಹೊರಗ ಒಯ್ಯಲಿಕ್ಕೆ ನನಗ ಧೈರ್ಯ ಬರವಲ್ದು.

ಈಗ ಹಾಕಿದ್ದು ಸಾದಾ ನೈಲಾನ್ ಬೆಲ್ಟ್, ಒಂದಿಂಚು ಅಗಲ. ಒಂದು ತೂತು ಬಿಗಿ ಮಾಡಿದ್ರ ಕೆಮ್ಮತದ, ಕೊರಳ ಕೆಳಗ ಕೂದಲಾ ಉದುರಿ ಚರ್ಮ ಕಾಣ್ಲಿಕತ್ತದ. ಸಡ್ಲ ಬಿಟ್ರ ಜಾರ್ತದ. ಸೂಪರ್ ಮಾರ್ಕೆಟ್‌ನ್ಯಾಗ ಅಂಗಡಿಯವರು ಚೋಕ್ ಚೈನ್, ಅಂದ್ರ ಜಗ್ಗಿದ್ರ ಕೊರಳು ಬಿಗಿಯೋ ಸರಪಳಿ, ಒಯ್ರಿ ಅಂದ್ರು. ಅಪ್ಪ ಕಬ್ಬಿಣ ಸರಪಳಿ ಸಾಕು ಅಂತಾರ. ಎರಡೂ ನನ್ನ ಮನಸ್ಸಿಗಿ ಬರವಲ್ದು. ಸಾಕಿದವರು ಯಾರಾದ್ರ ಇದ್ರ ಹೇಳ್ರಿ. ಇನ್ನೊಂದು, ಉಣ್ಣಿ ಭಾಳ ಆಗ್ಯಾವ. ಉಣ್ಣಿ ಕಾಲರ್ ಹಾಕಿದ್ರ ನಡೀತದೇನ್ರಿ? ಮನ್ಯಾಗ ಎರಡು ವರ್ಷದ ಕೂಸು ಅದ, ಒಂದು ಬೆಕ್ಕೂ ಅದ.

ರಿಂಗ್ ರೋಡ್

ಅಕ್ಕಾ, ನಮ್ಮ ಲ್ಯಾಬ್ರಡಾರ್‌ಗಿ ಚೋಕ್ ಚೈನೇ ಹಾಕಿದ್ದು. ಮೊದಲು ನನ್ನ ಕೈ ಕಿತ್ತು ಬರೋಹಂಗ ಎಳೀತಿತ್ತು, ಈಗ ಬಾಜೂಕೇ ನಡೀತದ. ಒಮ್ಮಿ ಹಾಕಿ ನೋಡ್ರಿ.

ನೌಬಾದ್, ಬೀದರ್

ತಂಗೀ, ಪಶು ಇಲಾಖೆದಾಗ ನೌಕರಿ ಮಾಡಿ ನಿವೃತ್ತಿ ಆದವ ನಾನು. ಮನ್ಯಾಗೂ ಮುಧೋಳ ನಾಯಿ ಸಾಕೀನಿ. ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಸಮಾಧಾನದಿಂದ ಓದು.

ಚೋಕ್ ಚೈನ್ ಬ್ಯಾಡ. ಲ್ಯಾಬ್ರಡಾರ್ ಕೊರಳು ದಪ್ಪ, ಕೂದಲಾನೂ ದಟ್ಟ. ಚಿಗರಿದು ಹಂಗಲ್ಲ. ಚರ್ಮ ತೆಳು, ಅದರ ಕೆಳಗ ಚರ್ಬಿ ಇಲ್ಲ, ಮುಂದಿಂದ ಮುಟ್ಟಿದ್ರ ಶ್ವಾಸನಾಳ ಬೆರಳಿಗಿ ಸಿಗ್ತದ. ಚೋಕ್ ಚೈನಿಗಿ ಇಲ್ಲಿಗಿ ಸಾಕು ಅನ್ನೋ ಗಡಿ ಇರಂಗಿಲ್ಲ, ಎಳದಷ್ಟೂ ಬಿಗೀತಾನೇ ಹೋಗ್ತದ. ಕೊರಳು ಬಿಗದಾಗ ಕಣ್ಣಿನ ಒಳಗಿನ ಒತ್ತಡ ಸುದ್ದಾ ಏರ್ತದ, ಹಂಗಾಗಿ ರಿಂಗ್ ರೋಡಿನ ತಮ್ಮಗೂ ನಾನು ಅದನ್ನ ಬಿಡು ಅಂತೇ ಹೇಳ್ತೀನಿ. ಮತ್ತ ಚಿಗರಿ ಎಳಿಯೋ ನಾಯಿ ಅಲ್ಲ, ಅಂಜೋ ನಾಯಿ. ಹಾರ್ನ್ ಕೇಳಿ ಅಂಜಿದ ಹೊತ್ತಿನ್ಯಾಗೇ ಕೊರಳು ಹಿಚುಕಿದ್ರ, ಹಾರ್ನಿಗೂ ನೋವಿಗೂ ಗಂಟು ಬಿದ್ದು ಇನ್ನಾ ಹೆಚ್ಚು ಅಂಜತದ.

ಬೆಲ್ಟ್ ಜಾರೋದಕ್ಕ ಕಾರಣ ನಾಯಿ ಮೈಕಟ್ಟು. ಮುಧೋಳ, ಕಾರವಾನ್, ಗ್ರೇಹೌಂಡ್, ಇವೆಲ್ಲಾ ಕಣ್ಣಿಲೆ ನೋಡಿ ಬೆನ್ನು ಹತ್ತೋ ನಾಯಿ. ತಲಿ ಸಪೂರ, ಕೊರಳು ಉದ್ದ ಮತ್ತ ಗಟ್ಟಿ. ತಲಿಗೂ ಕೊರಳಿಗೂ ಸುತ್ತಳತಿ ಹೆಚ್ಚುಕಮ್ಮಿ ಒಂದೇ ಬರ್ತದ. ಲ್ಯಾಬ್ರಡಾರ್‌ಗಿ ತಲಿ ಅಡ್ಡ ಬಂದು ಬೆಲ್ಟ್ ತಡೀತದ, ಇವಕ್ಕ ತಡಿಲಿಕ್ಕ ಏನೂ ಇಲ್ಲ. ಎರಡು ಬೆರಳು ಹೋಗೋವಷ್ಟು ಸಡ್ಲ ಇರಬೇಕು ಅಂತ ಎಲ್ಲಾರೂ ಹೇಳೋ ಲೆಕ್ಕ ಬೇರೆ ನಾಯಿಗಿ ಬರೋಬ್ಬರಿ, ಮುಧೋಳಕ್ಕ ಸಾದಾ ಬೆಲ್ಟಿನ್ಯಾಗ ಆ ಎರಡು ಬೆರಳಿನ ಜಾಗಾನೇ ಜಾರಲಿಕ್ಕ ಸಾಕಾಗ್ತದ.

ನಿನಗ ಬೇಕಾದ್ದು ಮಾರ್ಟಿಂಗೇಲ್ ಕಾಲರ್. ಇದರಾಗ ಎರಡು ಕುಣಿಕಿ ಇರ್ತಾವ. ದೊಡ್ಡ ಪಟ್ಟಿ ಕೊರಳ ಸುತ್ತ ಬರ್ತದ, ಆದ್ರ ಅದರ ಎರಡೂ ತುದಿ ಒಂದಕ್ಕೊಂದು ಕೂಡಂಗಿಲ್ಲ, ತುದಿಗೊಂದು ರಿಂಗ್ ಇರ್ತದ. ಆ ಎರಡು ರಿಂಗಿನ ಒಳಗಿಂದ ಸಣ್ಣ ಕುಣಿಕಿ ಹಾಯ್ತದ, ಹಗ್ಗದ ಕೊಂಡಿ ಹಾಕೋದು ಆ ಸಣ್ಣ ಕುಣಿಕಿಗಿ. ನಾಯಿ ಸುಮ್ಮ ನಡೆಯೋ ಹೊತ್ತಿಗಿ ಸಡ್ಲ ಇರ್ತದ. ಹಿಂದ ಸರದು ಜಗ್ಗಿತಂದ್ರ ಎರಡೂ ರಿಂಗ್ ಹತ್ತಿರ ಬಂದು ಕೊರಳಿಗಿ ತಕ್ಕಷ್ಟು ಬಿಗೀತದ, ರಿಂಗಿಗಿ ರಿಂಗ್ ತಾಕಿತಂದ್ರ ಮುಂದ ಬಿಗಿಯಂಗಿಲ್ಲ. ಚೋಕ್ ಚೈನಿಗೂ ಇದಕ್ಕೂ ಇರೋ ಫರಕ ಇಷ್ಟೇ, ಆದ್ರ ನಾಯಿ ಜೀವಕ್ಕ ಇದು ಭಾಳ ದೊಡ್ಡ ಫರಕ.

ಅಳತಿ ಮಾತ್ರ ಕಟ್ಟುನಿಟ್ಟ ಇರಬೇಕು. ದರ್ಜಿ ಟೇಪ್ ತಗೊಂಡು ಮೂರು ಕಡಿ ಅಳಿ. ಕಿವಿ ಬುಡದ ಹಿಂದ, ಕೊರಳು ಎಲ್ಲಿ ಎಲ್ಲಕ್ಕಿಂತ ಸಣ್ಣ ಇರ್ತದ ಅಲ್ಲಿ ಒಂದು, ಕೊರಳ ನಡು ಒಂದು, ತಲಿ ಎಲ್ಲಕ್ಕಿಂತ ದಪ್ಪ ಇರೋ ಕಡಿ ಒಂದು. ಕಾಲರ್ ಕೊರಳಿಗಿ ಬಿಗದಾಗ ಮೊದಲಿನ ಅಳತಿಗಿ ಬಂದು ನಿಲ್ಲಬೇಕು. ಬಿಗದಾಗ ರಿಂಗಿನ ನಡು ಒಂದೆರಡು ಬೆರಳು ಸಂದು ಉಳೀತಂದ್ರ ಬರೋಬ್ಬರಿ ಕುಂತದ. ರಿಂಗ್ ಒಂದಕ್ಕೊಂದು ತಾಕಿದ ಮ್ಯಾಲೂ ತಲಿ ಹೊರಗ ಬರ್ತದಂದ್ರ ಕಾಲರ್ ದೊಡ್ಡದಾಗ್ಯದ. ಮನಿ ಅಂಗಳದಾಗ ಬಾಗಲಾ ಹಾಕಿ, ಚಿಗರಿ ಮುಂದ ನಿಂತು ಹಗ್ಗ ನಿನ್ನ ಕಡಿ ಮೆಲ್ಲಗ ಜಗ್ಗಿ ನೋಡು. ರಸ್ತೆ ಮ್ಯಾಲ ಆಗೋದು ಅಂಗಳದಾಗೇ ತಿಳೀತದ.

ಅಗಲ ಎರಡಿಂಚು ಇರಲಿ, ಕಮ್ಮಿ ಅಂದ್ರ ಒಂದೂವರಿ. ಉದ್ದನ ಕೊರಳಿಗಿ ಅಗಲ ಪಟ್ಟಿ ಹಾಕಿದ್ರ ಒತ್ತಡ ಹಂಚಿ ಹೋಗ್ತದ. ನಿನ್ನ ಒಂದಿಂಚಿನ ನೈಲಾನ್ ಅಂಚು ಕೊರೆದೇ ಕೂದಲಾ ಹೋಗಿರಬಹುದು. ಆದ್ರ ಸಡ್ಲ ಮಾಡಿದ ಮ್ಯಾಲೂ ಕೆಮ್ಮು ಉಳೀತಂದ್ರ ತಡಾ ಮಾಡಬ್ಯಾಡ, ಡಾಕ್ಟರಿಗಿ ತೋರಿಸು.

ಮಾರ್ಟಿಂಗೇಲ್ ತಿರುಗಾಡ್ಲಿಕ್ಕ ಒಯ್ಯೋ ಹೊತ್ತಿಗಿ ಅಷ್ಟೇ. ಮನಿಗಿ ಬಂದ ಕೂಡಲೇ ತಗೀಬೇಕು. ಸಣ್ಣ ಕುಣಿಕಿ ಗೇಟಿನ ಸಳಿಗೋ ಇನ್ನೊಂದು ನಾಯಿ ಹಲ್ಲಿಗೋ ಸಿಕ್ಕಿತಂದ್ರ ಬಿಗೀತದ, ಬಿಡಸಲಿಕ್ಕ ಯಾರೂ ಇರಂಗಿಲ್ಲ. ಅದಕ್ಕೇ ನಾಯಿನ್ನ ಕಟ್ಟಿಹಾಕಲಿಕ್ಕೂ ಅದನ್ನ ಬಳಸಬಾರದು. ಅಪ್ಪಾಜಿಗಿ ಹೇಳು, ನಮ್ಮ ಕಡಿ ಬ್ಯಾಸಿಗಿ 42 ಡಿಗ್ರಿ ದಾಟ್ತದ, ಬಿಸಲಿಗಿ ಬಿದ್ದ ಕಬ್ಬಿಣ ಸರಪಳಿ ಮನಷ್ಯಾರ ಅಂಗೈಗೇ ಹಿಡೀಲಿಕ್ಕ ಆಗಂಗಿಲ್ಲ, ಅದು ಇಡೀ ದಿನ ಆ ತೆಳು ಕೊರಳ ಮ್ಯಾಲ ಇರಬೇಕೇನು?

ಮನ್ಯಾಗ ಇರೋವಾಗ ಹಗುರಾದ ಬೆಲ್ಟ್ ಸಡ್ಲ ಹಾಕು, ಒಳಗಿನ ಬಾಜೂಕ ಅಳಿಸಲಾರದ ಮಾರ್ಕರ್‌ಲೆ ಮೊಬೈಲ್ ನಂಬರ್ ಬರಿ. ದೀಪಾವಳಿ ಪಟಾಕ್ಷಿ ಸಪ್ಪಳಕ್ಕ ಕಾಂಪೌಂಡ್ ಹಾರಿ ಹೋದ ನಾಯಿ ಮನಿಗಿ ತಿರುಗಿ ಬರೋದು ಆ ನಂಬರಿನಿಂದ.

ಜೇವರ್ಗಿ ಕಾಲನಿ

ಕಾಕಾ, ನಮ್ಮದು ಪಗ್. ಅದಕ್ಕೂ ಮಾರ್ಟಿಂಗೇಲ್ ಹಾಕಬೇಕೇನ್ರಿ? ಮತ್ತ ಈ ಅಕ್ಕಾರ ನಾಯಿಗಿ ಎದಿ ಬೆಲ್ಟ್ ಯಾಕ ಹಾಕಬಾರದು?

ನೌಬಾದ್, ಬೀದರ್

ಪಗ್‌ಗಿ ಕೊರಳಿಗಿ ಏನೂ ಬ್ಯಾಡಪ್ಪ, ಎದಿ ಬೆಲ್ಟೇ ಹಾಕು. ಮೂಗು ಚಪ್ಪಟಿ ಇರೋದಕ್ಕ ಮೊದಲೇ ಉಸರಾಡೋದು ಕಠಿಣ, ಮ್ಯಾಲ ಕೊರಳು ಒತ್ತಬಾರದು. ಪೊಮೇರಿಯನ್‌ಗೂ ಇದೇ ಮಾತು, ಅದರ ಶ್ವಾಸನಾಳ ನಾಜೂಕು.

ಚಿಗರಿಗಿ ಎದಿ ಬೆಲ್ಟ್ ಹಾಕಬಹುದು, ಆದ್ರ ಅಂಗಡ್ಯಾಗ ಸಿಗೋ ಸಾದಾದ್ದಲ್ಲ. ಮುಧೋಳದ ಎದಿ ಆಳ, ನಡ ಸಣ್ಣ, ಹಿಂದ ಸರದ್ರ ಅದೂ ಮುಂಗಾಲಿನ ಮ್ಯಾಲಿಂದ ಕಳಚಿ ಬರ್ತದ. ಪಕ್ಕೆಲುಬು ಮುಗಿಯೋ ಕಡಿ, ಸಣ್ಣ ನಡಕ್ಕ ಇನ್ನೊಂದು ಪಟ್ಟಿ ಇರೋದು ಸಿಕ್ರ ತಗೋಬೇಕು.

ಉಣ್ಣಿ ಮಾತು ಉಳದಿತ್ತು. ಡೆಲ್ಟಾಮೆಥ್ರಿನ್ ಅನ್ನೋ ಔಷಧ ಇರೋ ಕಾಲರ್ ನಿಮ್ಮ ಮನಿಗಿ ಬ್ಯಾಡ, ಬೆಕ್ಕಿಗಿ ಅದು ವಿಷ. ಫ್ಲುಮೆಥ್ರಿನ್ ಮತ್ತ ಇಮಿಡಾಕ್ಲೋಪ್ರಿಡ್ ಕೂಡಿದ ಕಾಲರ್ ಏಳೆಂಟು ತಿಂಗಳು ಕೆಲಸ ಮಾಡ್ತದ, ಆದ್ರ ಮ್ಯಾಲಿಂದ ಮ್ಯಾಲ ಮೈ ತೊಳದ್ರ ಅದರ ಜೋರು ಕಮ್ಮಿ ಆಗ್ತದ. ಎರಡು ವರ್ಷದ ಕೂಸು ನಾಯಿ ಕೊರಳು ಅಪ್ಪಿಕೊಂಡು ಅದೇ ಕೈ ಬಾಯಾಗ ಇಟ್ಕೊಂತದ. ಅದಕ್ಕ ಉಣ್ಣಿಗಿ ಕಾಲರ್ ಬಿಟ್ಟು ತೂಕಕ್ಕ ತಕ್ಕ ಗುಳಿಗಿ ಕೊಡಿಸೋದು ಛಲೋ, ಡಾಕ್ಟರ್ ಬರಕೊಡ್ತಾರ. ಉಣ್ಣಿ ಅಂದ್ರ ಬರೀ ತುರಿಕಿ ಅಲ್ಲ, ಎರ್ಲಿಕಿಯಾ ಜ್ವರ ಬಂದು ನಾಯಿ ಸಾಯ್ತಾವ. ಊಟ ಬಿಟ್ಟು ಒಸಡು ಬೆಳ್ಳಗಾಗಿ ಕಂಡ್ರ ಅವತ್ತೇ ಆಸ್ಪತ್ರಿಗಿ ಒಯ್ಯಿ.

ಸುರಪುರ

ನಮ್ಮದು ಕುರಿ ಹಿಂಡಿನ ನಾಯಿ. ಅಡವ್ಯಾಗ ಬಿಡೋವಾಗ ನಾವು ಕೊರಳಿಗಿ ಏನೂ ಹಾಕಂಗಿಲ್ರಿ. ಜಾಲಿ ಕಂಟಿಯೊಳಗ ಬೆಲ್ಟ್ ಸಿಕ್ಕೊಂಡ್ರ ನಾಯಿ ಅಲ್ಲೇ ಉಳೀತದ, ನೀರಿಲ್ಲ ನೆರಳಿಲ್ಲ. ತೋಳ ಮೊದಲು ಹಿಡಿಯೋದೂ ಕೊರಳೇ. ಹಿಮಾಲಯದ ಕಡಿ ಚಿರತಿ ಹಲ್ಲು ತಾಕಬಾರದಂತ ಕುರಿ ನಾಯಿಗಿ ಕಬ್ಬಿಣ ಮುಳ್ಳಿನ ಪಟ್ಟಿ ಹಾಕ್ತಾರ, ಅದರ ಕೆಲಸ ಅದು. ಪ್ಯಾಟ್ಯಾಗ ಚಂದಕ್ಕ ಮುಳ್ಳಿನ ಪಟ್ಟಿ ಹಾಕೋರು ಯಾಕ ಹಾಕ್ತಾರೋ, ಆಡೋ ಮಕ್ಕಳ ಕೈ ಕೊರೀತದ.

ಇನ್ನೊಂದು ಮಾತು. ಮರಿಗಿ ಕಟ್ಟಿದ ಹಗ್ಗ ನಾಯಿ ದೊಡ್ಡದಾದ ಮ್ಯಾಲೂ ಹಂಗೇ ಬಿಡ್ತಾರ. ಹಗ್ಗ ಚರ್ಮದಾಗ ಇಳದು ಹುಳಾ ಬಿದ್ದ ನಾಯಿ ನಾನೇ ನೋಡೀನಿ. ಬೆಳೆಯೋ ಮರಿ ಇದ್ದವರು ವಾರಕ್ಕೊಮ್ಮಿ ಬೆರಳು ಹಾಕಿ ನೋಡ್ರಿ, ಕೈ ಮುಗೀತೀನಿ.

ಸೇಡಂ ರಸ್ತೆ, ಕಲಬುರಗಿ

ಕಾಕಾ, ಎಲ್ಲಾರಿಗೂ ಓದಿ ಹೇಳ್ದೆ. ಅಪ್ಪ ಸರಪಳಿ ಮಾತು ಬಿಟ್ರು. ಅಳದೀನಿ: ಕಿವಿ ಹಿಂದ 33 ಸೆಂಟಿಮೀಟರ್, ಕೊರಳ ನಡು 36, ತಲಿ 35. ಇಲ್ಲಿ ಕೇಳಿದ ಅಂಗಡ್ಯಾಗ ಮಾರ್ಟಿಂಗೇಲ್ ಸಿಗಲಿಲ್ಲ. ಆನ್‌ಲೈನ್‌ನ್ಯಾಗ ಇದ್ದದ್ದು ಒಂದಿಂಚಿಂದೇ. ನಮ್ಮ ಓಣಿ ಮೂಲ್ಯಾಗ ಬ್ಯಾಗ್ ರಿಪೇರಿ ಮಾಡೋ ಅಜ್ಜ ಇದ್ದಾರ, ಚಿತ್ರ ತೋರಿಸಿದೆ, ಹೊಲ್ದು ಕೊಡ್ತೀನಿ ಅಂದಾರ. ಏನೇನು ಹೇಳಬೇಕ್ರಿ ಅವರಿಗಿ?

ನೌಬಾದ್, ಬೀದರ್

ತಲಿ 35, ಕಿವಿ ಹಿಂದ 33. ನೋಡಿದ್ಯಾ, ಎರಡೇ ಸೆಂಟಿಮೀಟರ್ ಫರಕ. ಅದಕ್ಕೇ ಜಾರ್ತಿತ್ತು.

ಅಜ್ಜನಿಗಿ ಹೇಳು: ಮ್ಯಾಲಿಂದು ಬ್ಯಾಗಿನ ನೈಲಾನ್ ಪಟ್ಟಿ, ಎರಡಿಂಚು ಅಗಲ. ಚರ್ಮಕ್ಕ ತಾಕೋ ಬಾಜೂಕ ಮೆತ್ತನ ಹತ್ತಿ ಬಟ್ಟಿ, ಅಂಚು ಮಡಚಿ ಹೊಲಿಬೇಕು. ಸ್ಪಂಜ್ ತುಂಬಬಾರದು, ಮಳ್ಯಾಗ ತೊಯ್ದ್ರ ಲಗೂನ ಆರಂಗಿಲ್ಲ, ಎರಿ ಮಣ್ಣು ಕುಂತು ಕೊರಳು ಕೊಳೀತದ. ದೊಡ್ಡ ಪಟ್ಟಿ ರಿಂಗ್ ಸೇರಿಸಿ 30 ಬರಲಿ, ಅಂದ್ರ 33ಕ್ಕ ಬಿಗದಾಗ ರಿಂಗಿನ ನಡು ಆ ಒಂದೆರಡು ಬೆರಳು ಸಂದು ಉಳೀತದ. ಸಣ್ಣ ಕುಣಿಕಿ ಸಡ್ಲ ಬಿಟ್ಟಾಗ ಒಟ್ಟು 38ರ ಮ್ಯಾಲ ಹೋಗಬೇಕು, ಅಂದ್ರ ಬಕಲ್ ಇಲ್ಲದೇ ತಲಿ ಮ್ಯಾಲಿಂದಾನೇ ಹಾಕಬಹುದು. ಪ್ಲಾಸ್ಟಿಕ್ ಕ್ಲಿಪ್ಪು ಬ್ಯಾಡೇ ಬ್ಯಾಡ, ಬಿಸಲಿಗಿ ಸಡ್ಡಾಗಿ ಒಂದು ಜಗ್ಗಿಗಿ ಮುರೀತದ.

ರಿಂಗ್ ಬೆಸುಗಿ ಹಾಕಿದ್ದೇ ಬೇಕು. ತಂತಿ ಬಗ್ಗಿಸಿ ಮಾಡಿದ ರಿಂಗ್ ಉಗರಿಲೆ ಸವರಿ ನೋಡಿದ್ರ ಕೂಡೋ ಕಡಿ ಸಂದು ಸಿಗ್ತದ, ಅದು ಜಗ್ಗಿದಾಗ ಬಿಚ್ಕೊಂತದ. ಹೊಲಿಗಿ ನೈಲಾನ್ ದಾರದ್ದು, ರಿಂಗಿನ ಬುಡಕ ಚೌಕ ಹಾಕಿ ನಡು ಅಡ್ಡಡ್ಡ ಗೀಟು ಹೊಡಸು. ಆದ ಮ್ಯಾಲ ಮೊದಲು ಅಂಗಳ, ಆಮ್ಯಾಲ ರಸ್ತೆ. ಅಲ್ಲಿತನಕ ಹೊರಗ ಒಯ್ಯೋದೇ ಆದ್ರ ಓಣಿ ಒಳಗಷ್ಟೇ ಒಯ್ಯಿ, ಸೇಡಂ ರಸ್ತೆಗಿ ಬ್ಯಾಡ.