ದಕ್ಷಿಣದ ಗೋಡೆಗೆ ಆಕಾಶದ ಬೆಳಕು ಎಷ್ಟೆಂದು ಹಿಡಿಯಬೇಕು?

ಪ್ರಶ್ನೆ (ಚಿತ್ರದುರ್ಗ): ಗುಡ್ಡದ ಬುಡದ ಬಡಾವಣೆಯಲ್ಲಿ ಮನೆಯೊಂದರ ನಕ್ಷೆ ಮಾಡುತ್ತಿದ್ದೇನೆ. ಮಾಳಿಗೆಯ ಜಾಗವನ್ನೆಲ್ಲ ನೀರಿನ ತೊಟ್ಟಿಯೂ ಮೆಟ್ಟಿಲ ಕೋಣೆಯೂ ತಿಂದಿರುವುದರಿಂದ, ಕೆಲವು ಸೌರಫಲಕಗಳನ್ನು ದಕ್ಷಿಣದ ಗೋಡೆಗೆ ನೆಟ್ಟಗೆ ನಿಲ್ಲಿಸುವ ಯೋಚನೆಯಿದೆ. ಸಮತಲದ ಮೇಲೆ ಬೀಳುವ ಚದುರಿದ ವಿಕಿರಣದಲ್ಲಿ (ನೇರ ಬಿಸಿಲು ಬಿಟ್ಟು ಆಕಾಶದ ಎಲ್ಲ ಕಡೆಯಿಂದ ಬರುವ ಬೆಳಕು) ಅರ್ಧವನ್ನು ಗೋಡೆಯ ಪಾಲೆಂದು ಹಿಡಿದಿದ್ದೇನೆ. ಆಷಾಢದ ಮೋಡಕ್ಕೂ ಈ ಲೆಕ್ಕ ನಿಲ್ಲುತ್ತದೆಯೇ?

ಉತ್ತರ 1: ನಿಲ್ಲುವುದಿಲ್ಲ. ಅರ್ಧ ಎಂಬುದು ಇಡೀ ಆಕಾಶ ಒಂದೇ ಸಮನೆ ಬೆಳಗುತ್ತದೆಂಬ ಊಹೆಯಿಂದ ಬಂದದ್ದು. 1942ರಲ್ಲಿ ಮೂನ್ ಮತ್ತು ಸ್ಪೆನ್ಸರ್ ಎಂಬ ಸಂಶೋಧಕರು ಕೊಟ್ಟ ಸೂತ್ರದಂತೆ, ದಟ್ಟ ಮೋಡ ಕವಿದಾಗ ನೆತ್ತಿಯ ಹೊಳಪು ದಿಗಂತದ ಹೊಳಪಿನ ಮೂರು ಪಟ್ಟು. ನೆತ್ತಿಯ ಬೆಳಕು ಗೋಡೆಗೆ ತೀರ ಓರೆಯಾಗಿ ತಾಗುವುದರಿಂದ ಗೋಡೆಯ ಪಾಲು ಸುಮಾರು ಶೇ. 40ಕ್ಕೆ ಇಳಿಯುತ್ತದೆ. ಚದುರಿದ ವಿಕಿರಣ ಚದರ ಮೀಟರಿಗೆ 300 ವ್ಯಾಟ್ ಇದ್ದರೆ ನೀವು 150 ಬರೆದುಕೊಳ್ಳುತ್ತೀರಿ, ಸಿಗುವುದು 120ರ ಆಸುಪಾಸು. ತಿಳಿ ಆಕಾಶದಲ್ಲಿ ಸೂರ್ಯನ ಸುತ್ತಲ ಪ್ರಭೆಯನ್ನೂ ದಿಗಂತದ ಹೊಳಪನ್ನೂ ಬೇರೆಯಾಗಿ ಲೆಕ್ಕಿಸಬೇಕು. ಅದಕ್ಕೆ ಪೆರೆಜ್ ಮಾದರಿ ಎಂಬ ಲೆಕ್ಕದ ವಿಧಾನವಿದೆ. ಬೆಳಕಿನ ಲೆಕ್ಕ ಹಾಕುವ ರೇಡಿಯನ್ಸ್ ತಂತ್ರಾಂಶದಲ್ಲಿರುವ ಜೆನ್‌ಡೇಲಿಟ್ ಎಂಬ ಸಾಧನ ಅದನ್ನೇ ಬಳಸುತ್ತದೆ, ಗಂಟೆಗಂಟೆಯ ನೇರ ಮತ್ತು ಚದುರಿದ ವಿಕಿರಣದ ಅಂಕಿಗಳನ್ನು ಕೊಟ್ಟರಾಯಿತು.

ಉತ್ತರ 2 (ದಾವಣಗೆರೆ): ಮಾದರಿಗಿಂತ ಮೊದಲು ನೋಡಬೇಕಾದದ್ದು ಸೂರ್ಯನ ದಾರಿ. ನಾವಿರುವುದು 14 ಡಿಗ್ರಿ ಉತ್ತರ ಅಕ್ಷಾಂಶದ ಆಚೀಚೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ಬೆಳಗಿನಿಂದ ಸಂಜೆಯವರೆಗೂ ಉತ್ತರದ ಕಡೆಗೇ ಇರುತ್ತಾನೆ, ಆಗ ದಕ್ಷಿಣದ ಗೋಡೆಗೆ ನೇರ ಬಿಸಿಲು ಒಂದು ಗಳಿಗೆಯೂ ಇಲ್ಲ. ಸಂಕ್ರಾಂತಿಯ ಮಧ್ಯಾಹ್ನ ನಮ್ಮ ದಕ್ಷಿಣದ ಬಾಗಿಲಿನಿಂದ ಒಳಗೆ ಮಾರುದ್ದ ಚಾಚುವ ಬಿಸಿಲು, ಬಸವ ಜಯಂತಿಯ ಹೊತ್ತಿಗೆ ಹೊಸ್ತಿಲನ್ನೂ ಮುಟ್ಟುವುದಿಲ್ಲ. ಆ ಮೂರೂವರೆ ತಿಂಗಳು ನಿಮ್ಮ ಫಲಕಕ್ಕೆ ಆಕಾಶ ಮತ್ತು ನೆಲದ ಬೆಳಕೇ ಗತಿ. ಅಂದ ಹಾಗೆ, ಎದುರಿಗೆ ಗುಡ್ಡ ಎಷ್ಟು ಎತ್ತರ ಕಾಣುತ್ತದೆ?

ಪ್ರಶ್ನೆ ಕೇಳಿದವರು: ಕೋನಮಾಪಕಕ್ಕೆ ದಾರ, ದಾರಕ್ಕೆ ಒಂದು ನಟ್ಟು ಕಟ್ಟಿ ನೋಡಿದೆ. ಬಂಡೆಸಾಲಿನ ಅಂಚು ಸುಮಾರು 20 ಡಿಗ್ರಿ.

ಉತ್ತರ 2: ಸಾಲು ಉದ್ದಕ್ಕೂ ಹಬ್ಬಿದ್ದರೆ, ಸಮ ಆಕಾಶದ ಲೆಕ್ಕದಲ್ಲೇ ಗೋಡೆಯ ಪಾಲಿನ ಮೂರನೇ ಒಂದು ಭಾಗವನ್ನು ಅದು ಮರೆಮಾಡುತ್ತದೆ. ಹಾಗೆಂದು ಬಂಡೆಯನ್ನು ಕಗ್ಗತ್ತಲೆಯೆಂದು ಹಿಡಿಯಬೇಡಿ. ನೆಲಕ್ಕೆ ರೂಢಿಯಲ್ಲಿ ಬಳಸುವ 0.2 ಪ್ರತಿಫಲನಾಂಕವನ್ನೇ (ಬಿದ್ದ ಬೆಳಕಿನಲ್ಲಿ ಹಿಂದಿರುಗುವ ಪಾಲು) ಅದಕ್ಕೂ ಕೊಟ್ಟು ನೋಡಿ. ನನ್ನನ್ನು ಕೇಳಿದರೆ, ತೊಟ್ಟಿಯ ಮೇಲೇ ಕಬ್ಬಿಣದ ಚೌಕಟ್ಟು ಎತ್ತಿಸಿ ಫಲಕಗಳನ್ನು ಅಲ್ಲಿಗೆ ಒಯ್ಯುವುದು ಲೇಸು.