ಹಿತ್ತಿಲಲ್ಲಿ ತಾನಾಗೇ ಹುಟ್ಟಿದ ಈ ತಾಳೆ ಜಾತಿ ಗಿಡ ಯಾವ್ದು?

ಆರು ವರ್ಷದ ಹಿಂದೆ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಒಂದು ಸಸಿ ತಾನಾಗೇ ಎದ್ದಿತ್ತು, ಅಡಿಕೆ ಇರ್ಬೇಕು ಅಂತ ಬಿಟ್ವಿ. ಈಗ ಮಾಡು ದಾಟಿ ಹೋಗಿದೆ ಆದ್ರೆ ಅಡಿಕೆ ಸೋಗೆ ಥರ ಇಲ್ಲವೇ ಇಲ್ಲ, ಎಲೆ ತುದಿ ಎಲ್ಲಾ ಇಲಿ ಕಚ್ಚಿದ ಹಾಗೆ ಹರ್ಕು ಹರ್ಕು. ಅತ್ತೆ ಕಡಿಸಿಬಿಡಿ ಅಂತಿದಾರೆ. ಗೊತ್ತಿದ್ದೋರು ಹೇಳಿ, ನಮ್ಮದು ಸಾಗರದ ಕಡೆ.

— ಈಚಲು ಇರ್ಬೋದು ನೋಡಿ.

— ಈಚಲು ಅಲ್ಲ ಮಾರಾಯ್ರೆ, ಈಚಲಾದ್ರೆ ದಿಂಡಿನ ಬುಡದಲ್ಲಿ ಮುಳ್ಳು ಇರ್ತದೆ, ಕೈ ಹಾಕಿದ್ರೆ ಗೊತ್ತಾಗ್ತದೆ! ಇದು ಬೈನೆ, ಕೆಲವು ಕಡೆ ಬಗನಿ ಅಂತಾರೆ. ಒಂದು ಎಲೆ ಹಿಡಿದು ನೋಡಿ, ತೆಂಗು ಅಡಿಕೆಯಲ್ಲಿ ನಡು ದಿಂಡಿಂದ ನೇರ ಗರಿ ಹೊರಡ್ತದಲ್ವ, ಇದ್ರಲ್ಲಿ ದಿಂಡಿಂದ ಇನ್ನೊಂದು ಕಡ್ಡಿ ಕವಲೊಡೆದು ಆ ಕಡ್ಡಿಗೆ ಮೀನಿನ ಬಾಲದಂಥ ಎಲೆ. ತಾಳೆ ಕುಟುಂಬದಲ್ಲಿ ಹೀಗೆ ಎರಡೆರಡು ಸಲ ಕವಲೊಡೆಯೋ ಎಲೆ ಇರೋದು ಬೈನೆ ಮತ್ತೆ ಅದರ ದಾಯಾದಿಗಳಿಗೆ ಮಾತ್ರ. ನೀವು ನೆಟ್ಟಿಲ್ಲ ಅಂದ್ರಲ್ಲ, ಪುನುಗಿನ ಬೆಕ್ಕಿನ ಕೆಲಸ ಇರ್ಬೇಕು, ಹಣ್ಣು ತಿಂದು ಎಲ್ಲೆಲ್ಲೋ ಬೀಜ ಹಾಕ್ತದೆ.

— ಬೆಂಗಳೂರಲ್ಲಿ ನಮ್ಮನೆ ಕಾಂಪೌಂಡಲ್ಲೂ ಇದೇ ಥರ ಇದೆ, ಆದ್ರೆ ಒಂದೇ ಬುಡದಿಂದ ಏಳೆಂಟು ಕಾಂಡ. ನರ್ಸರಿಯವ್ರು ಫಿಶ್‌ಟೇಲ್ ಪಾಮ್ ಅಂತ ಕೊಟ್ಟಿದ್ರು.

— ಅದು ಇದರ ದಾಯಾದಿ, ಗುಂಪಾಗಿ ಬೆಳೆಯೋ ಬೇರೆ ಜಾತಿ. ನಮ್ಮ ಕಾಡಿನ ಬೈನೆ ಒಂಟಿ ಕಾಂಡ, ಮರಿ ಹಾಕೋದಿಲ್ಲ. ನಿಮ್ಮದ್ರ ಬುಡ ಒಂದ್ಸಲ ನೋಡಿಬಿಡಿ.

— ನಾನು ಹೇಳೋದು ಒಂದೇ, ಹಣ್ಣಿನ ವಿಷ್ಯದಲ್ಲಿ ಹುಷಾರು. ಚಿಕ್ಕೋರಿದ್ದಾಗ ಕೆಂಪಗೆ ಚೆನ್ನಾಗಿದೆ ಅಂತ ಹಣ್ಣು ಹಿಚುಕಿ ಅದೇ ಕೈಲಿ ಕುತ್ತಿಗೆ ಒರೆಸ್ಕೊಂಡಿದ್ದೆ, ಸಂಜೆವರೆಗೂ ತುರಿಕೆ, ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಮೇಲೆ ಎರಡು ಬಾರಿಸಿದ್ದೂ ನೆನಪಿದೆ. ಅದರ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳು ಇರುತ್ತೆ, ಅದು ಚುಚ್ಚೋದು. ಒಗೆಯೋ ಕಲ್ಲಿನ ಹತ್ರ ಅಂದ್ರಿ, ಹಣ್ಣು ಉದುರೋ ಕಾಲಕ್ಕೆ ಕಷ್ಟ.

— ಅದಕ್ಕಿನ್ನೂ ಟೈಮ್ ಇದೆ ಬಿಡಿ, ಹೂ ಬರೋಕೇ ಹತ್ತು ಹದಿನೈದು ವರ್ಷ ಬೇಕು. ಮತ್ತೆ ಈ ಮರದ ಲೆಕ್ಕ ಉಲ್ಟಾ, ಮೊದಲ ಗೊನೆ ತುದೀಲಿ ಬಿಡುತ್ತೆ, ಕುದುರೆ ಬಾಲ ಇಳಿಬಿಟ್ಟ ಹಾಗೆ, ಆಮೇಲೆ ಒಂದೊಂದೇ ಗೆಣ್ಣು ಕೆಳಗೆ ಇಳೀತಾ ಬಂದು ಕೊನೇ ಗೊನೆ ಹಣ್ಣಾದ್ಮೇಲೆ ಮರವೇ ಒಣಗಿ ಸಾಯುತ್ತೆ. ಆಗ ಮನೆ ಮೇಲೆ ಬೀಳದ ಹಾಗೆ ಕಡಿಸಿದ್ರಾಯ್ತು. ನಮ್ಮಜ್ಜಿ ಮನೆ ಒನಕೆ ಬೈನೆದೇ, ಹೊರಗಿನ ಕಪ್ಪು ಕಟ್ಟಿಗೆ ಅಷ್ಟು ಗಟ್ಟಿ, ಒಳಗೆ ಮಾತ್ರ ಮೆತ್ತಗಿನ ತಿರುಳು.

— ಆನೆಗೆ ಇದರ ಸೊಪ್ಪು ಅಂದ್ರೆ ಪ್ರಾಣ, ಮಾವುತರು ಹೊರೆಗಟ್ಟಲೆ ತರೋದು ನೋಡಿದೀನಿ. ಕಳ್ಳಿನ ಬಗ್ಗೆ ಯಾರೂ ಬಾಯಿ ಬಿಡ್ಲಿಲ್ವಲ್ಲ 😄

ಎಲ್ರಿಗೂ ಥ್ಯಾಂಕ್ಸ್. ಈಗಷ್ಟೇ ಹೋಗಿ ನೋಡ್ಬಂದೆ, ಒಂಟಿ ಕಾಂಡ, ಎಲೆ ನೀವಂದ ಹಾಗೇ ಕವಲು. ಒನಕೆ ಅಂದ ಕೂಡ್ಲೇ ಅತ್ತೆ ಸ್ವಲ್ಪ ತಣ್ಣಗಾದ್ರು. ಮರ ಇರ್ಲಿ, ಒಗೆಯೋ ಕಲ್ಲನ್ನೇ ಬಾವಿಕಟ್ಟೆ ಕಡೆಗೆ ಸರಿಸೋಣ ಅಂತಾಗಿದೆ, ಎತ್ತೋಕೆ ನಾಲ್ಕು ಜನ ಬೇಕು ಅಷ್ಟೇ.